ಮೊದಲ ಟ್ಯೂಬ್ ಆಂಪ್ ಕಟ್ಟೋದಾ ಬೇಡ್ವಾ: 5ಎಫ್1 ಚಾಂಪ್ ಕಿಟ್ ರಿವ್ಯೂ

ಟ್ಯೂಬ್ ಗಿಟಾರ್ ಆಂಪ್ (ಹಳೇ ರೇಡಿಯೋ ತರ ವಾಲ್ವ್ ಹಾಕಿರೋ ಗಿಟಾರ್ ಆಂಪ್ಲಿಫೈಯರ್) ಕಿಟ್ ತರಿಸಿ ಮನೇಲೇ ಕಟ್ಕೊಂಡ್ರೆ ದುಡ್ಡು ಉಳಿಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅದನ್ನ ಮೊದ್ಲು ತಲೆಯಿಂದ ತೆಗೆದುಹಾಕಿ. ಉಳಿಯಲ್ಲ. ಕಿಟ್ ರೇಟು, ಅದರ ಮೇಲೆ ಶಿಪ್ಪಿಂಗು (ಟ್ರಾನ್ಸ್‌ಫಾರ್ಮರ್ ಅಂದ್ರೆ ಕಬ್ಬಿಣ ಸ್ವಾಮಿ, ತೂಕಕ್ಕೆ ತಕ್ಕ ಹಾಗೆ ಕೀಳ್ತಾರೆ), ಅದರ ಮೇಲೆ ಕಸ್ಟಮ್ಸು, ಆಮೇಲೆ ಸ್ಪೀಕರು, ಆಮೇಲೆ ಕ್ಯಾಬಿನೆಟ್ ಮಾಡೋ ಕಾರ್ಪೆಂಟರು, ಮಧ್ಯದಲ್ಲಿ ಮಲ್ಟಿಮೀಟರು ಸೋಲ್ಡರಿಂಗ್ ಐರನ್ನು ಅಂತ ಸಣ್ಣಪುಟ್ಟ ಖರ್ಚು, ಎಲ್ಲಾ ಕೂಡಿಸಿದ್ರೆ ಬಾಸ್ ಕಟಾನಾ ತರದ್ದು ಒಂದು ರೆಡಿಮೇಡ್ ಆಂಪ್ ತಗೊಂಡು ಉಳಿದ ದುಡ್ಡಲ್ಲಿ ಗಿಟಾರ್‌ಗೆ ಹೊಸ ಪಿಕಪ್ ಹಾಕಿಸ್ಬಹುದು. ಅಷ್ಟಾದ್ರೂ ನಾನು ಕಟ್ಟಿದೆ, ಕಟ್ಟಿದ್ದಕ್ಕೆ ಬೇಜಾರೂ ಇಲ್ಲ. ಆದ್ರೆ ಎಲ್ರೂ ಕಟ್ಟಿ ಅಂತ ಹೇಳೋಕೆ ಬಾಯಿ ಬರಲ್ಲ.

ನಾನು ತರಿಸಿದ್ದು ಫೆಂಡರ್ ಕಂಪನಿಯ ಟ್ವೀಡ್ ಚಾಂಪ್ (ಟ್ವೀಡ್ ಬಟ್ಟೆ ಹೊದಿಸಿದ ಹಳೇ ಚಿಕ್ಕ ಆಂಪ್), ಅಂದ್ರೆ 5ಎಫ್1 ಸರ್ಕ್ಯೂಟಿನ ಕಿಟ್. ಮೊದಲನೇ 5 ಅಂದ್ರೆ ಐವತ್ತರ ದಶಕ, ಎಫ್ ಅಂದ್ರೆ ಎಷ್ಟನೇ ಸಲ ತಿದ್ದಿದ ಸರ್ಕ್ಯೂಟ್ ಅಂತ, ಕೊನೆಯ 1 ಅಂದ್ರೆ ಚಾಂಪ್ ಮಾಡೆಲ್. ಫೆಂಡರ್‌ನದೇ ಡಿಲಕ್ಸ್ ಆದ್ರೆ 3, ಬ್ಯಾಸ್‌ಮನ್ ಆದ್ರೆ 6. ಕಿಟ್ ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ಬೈಯೋದಿದೆ, ಅದೂ ಅಲ್ದೆ ಚಾಂಪ್ ಕಿಟ್ ಮಾಡೋರು ಅಮೆರಿಕದಲ್ಲಿ ಯುರೋಪಲ್ಲಿ ಬೇಕಾದಷ್ಟು ಜನ ಇದಾರೆ, ಸರ್ಕ್ಯೂಟ್ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ಕಾಪಿ ಹೊಡೆಯೋದು ಈ ಲೈನಲ್ಲಿ ಹೊಸದೇನಲ್ಲ ಬಿಡಿ, ಲಂಡನ್‌ನಲ್ಲಿ ಮಾರ್ಷಲ್‌ನವರು 1962ರಲ್ಲಿ ಮೊದಲ ಜೆಟಿಎಂ45 ಆಂಪ್ ಮಾಡಿದ್ದೇ ಫೆಂಡರ್ ಬ್ಯಾಸ್‌ಮನ್ ಮುಂದೆ ಇಟ್ಕೊಂಡು.

ಚಾಂಪನ್ನೇ ಯಾಕೆ ಮೊದಲು ಕಟ್ಟು ಅಂತಾರೆ ಅಂದ್ರೆ ಅದರಲ್ಲಿ ಇರೋದೇ ಅಷ್ಟು. ಟ್ಯೂಬ್ ಮೂರೇ ಮೂರು. 12ಎಎಕ್ಸ್7 ಒಂದು, ಅದರೊಳಗೆ ಎರಡು ಟ್ರಯೋಡ್ (ಸಿಗ್ನಲ್ ದೊಡ್ಡದು ಮಾಡೋ ಭಾಗ) ಇರೋದ್ರಿಂದ ಎರಡು ಗೇನ್ ಸ್ಟೇಜ್ ಅಲ್ಲೇ ಮುಗೀತು. ಪವರ್‌ಗೆ 6ವಿ6 ಒಂದು. ಏಸಿನ ಡಿಸಿ ಮಾಡೋಕೆ 5ವೈ3 ರೆಕ್ಟಿಫೈಯರ್ ಒಂದು. ನಾಬ್ ಒಂದೇ, ವಾಲ್ಯೂಮ್, ಟೋನ್ ಕಂಟ್ರೋಲ್ ಕೂಡ ಇಲ್ಲ. ಔಟ್‌ಪುಟ್ 5 ವ್ಯಾಟ್ ಆಸುಪಾಸು. ಬೋರ್ಡ್ ಮೇಲೆ ಕೂರೋ ರೆಸಿಸ್ಟರ್ ಕೆಪಾಸಿಟರ್ ಎಲ್ಲಾ ಒಂದು ಅಂಗೈಯಲ್ಲಿ ಹಿಡೀಬಹುದು. ಸಿಗ್ನಲ್ ಗಿಟಾರ್‌ನಿಂದ ಸ್ಪೀಕರ್‌ವರೆಗೆ ಹೆಂಗೆ ಹೋಗುತ್ತೆ ಅಂತ ಬೆರಳಿಟ್ಟು ತೋರಿಸ್ಬಹುದು: 68ಕೆ ರೆಸಿಸ್ಟರ್, ಮೊದಲ ಟ್ರಯೋಡ್, 0.022 ಮೈಕ್ರೋಫ್ಯಾರಡ್ ಕೆಪಾಸಿಟರ್, ವಾಲ್ಯೂಮ್, ಎರಡನೇ ಟ್ರಯೋಡ್, ಇನ್ನೊಂದು 0.022, 6ವಿ6, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್. ಎಲ್ಲಾದ್ರೂ ಕೈಕೊಟ್ರೆ ಹುಡುಕೋಕೆ ಜಾಗಾನೇ ಕಮ್ಮಿ.

ಹಾಗಂತ ಸುಲಭ ಅಂತ ಅನ್ಕೊಂಡು ಕೂತ್ಕೋಬೇಡಿ. ನಾನು ಮೊದ್ಲು ಫಝ್ ಪೆಡಲ್, ಓವರ್‌ಡ್ರೈವ್ ಪೆಡಲ್ ಎಲ್ಲಾ ಕಟ್ಟಿದ್ದೆ, ಅವೆಲ್ಲಾ 9 ವೋಲ್ಟ್ ಬ್ಯಾಟರಿ ವ್ಯವಹಾರ, ತಪ್ಪಾದ್ರೆ ಒಂದು ಟ್ರಾನ್ಸಿಸ್ಟರ್ ಹೋಗುತ್ತೆ ಅಷ್ಟೇ. ಇಲ್ಲಿ 6ವಿ6 ಪ್ಲೇಟ್ (ಟ್ಯೂಬಿನ ಪಾಸಿಟಿವ್ ತುದಿ) ಮೇಲೆ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ಇರುತ್ತೆ. ಪ್ಲಗ್ ಕಿತ್ತ ಮೇಲೂ ಡಿಸಿನ ಸಮ ಮಾಡೋ ಫಿಲ್ಟರ್ ಕೆಪಾಸಿಟರ್ ಒಳಗೆ ಚಾರ್ಜ್ ಕೂತಿರುತ್ತೆ, ಆಫ್ ಮಾಡಿದೀನಲ್ಲ ಅಂತ ಕೈ ಹಾಕಿದ್ರೆ ಅದು ಕೇಳಲ್ಲ. ನಮ್ಮ ಸೋದರಮಾವ ತುಮಕೂರಲ್ಲಿ ವಾಲ್ವ್ ರೇಡಿಯೋ ರಿಪೇರಿ ಮಾಡ್ತಿದ್ದೋರು, ಅವರಿಗೆ ಫೋನ್ ಮಾಡಿ "ಮಾವ, ಹಿಂಗೊಂದು ಕಟ್ತಾ ಇದೀನಿ" ಅಂದಿದ್ದಕ್ಕೆ ಅವರು ಕೇಳಿದ ಮೊದಲ ಪ್ರಶ್ನೆ ಗಿಟಾರ್ ಬಗ್ಗೆ ಅಲ್ಲ, "ಮನೇಲಿ ಅರ್ತಿಂಗ್ ಸರಿಯಾಗಿದ್ಯೇನೋ?" ಅಂತ. ಆಮೇಲೆ "ಆನ್ ಇದ್ದಾಗ ಮೀಟರ್ ಹಿಡಿಯೋದಿದ್ರೆ ಒಂದ್ ಕೈಯಲ್ಲಿ ಹಿಡಿ, ಇನ್ನೊಂದ್ ಕೈ ಜೇಬಲ್ಲಿರ್ಲಿ" ಅಂದ್ರು. ಎರಡೂ ಕೈ ಒಳಗಿದ್ರೆ ಕರೆಂಟು ಎದೆ ಮೇಲೆ ಹಾದು ಹೋಗುತ್ತೆ, ಅದಕ್ಕೆ.

ಅರ್ತಿಂಗ್ ವಿಷಯ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಐವತ್ತರ ದಶಕದ ಒರಿಜಿನಲ್ ಚಾಂಪ್‌ಗೆ ಎರಡೇ ವೈರಿನ ಕಾರ್ಡ್ ಇರ್ತಿತ್ತು, ಈಗಿನ ಕಿಟ್‌ಗಳಲ್ಲಿ ಮೂರು ಪಿನ್ನೇ ಬರುತ್ತೆ, ಅರ್ತಿನ ಹಸಿರು ವೈರನ್ನ ಚಾಸಿಗೆ (ಆಂಪ್‌ನ ಲೋಹದ ತಳಕ್ಕೆ) ಬಿಗಿಯಾಗಿ ಬೋಲ್ಟ್ ಹಾಕಿ ಕೂರಿಸ್ಬೇಕು. ಅದು ಸರಿ, ಆದ್ರೆ ನಮ್ಮ ಕಡೆ ಹಳೇ ಬಾಡಿಗೆ ಮನೆಗಳಲ್ಲಿ ಗೋಡೆ ಮೇಲೆ ಮೂರು ತೂತಿನ ಸಾಕೆಟ್ ಇರುತ್ತೆ, ಹಿಂದೆ ವೈರ್ ಎರಡೇ! ಗಿಟಾರ್ ಸ್ಟ್ರಿಂಗು ಜ್ಯಾಕ್ ಮೂಲಕ ನೇರ ಚಾಸಿಗೆ ಸೇರಿರುತ್ತೆ ಅನ್ನೋದು ನೆನಪಿರ್ಲಿ. ಚಾಸಿಗೆ ಏನಾದ್ರೂ ಲೈವ್ ಬಂದ್ರೆ ಸ್ಟ್ರಿಂಗ್ ಮೇಲೆ ಬರುತ್ತೆ, ನಿಮ್ಮ ಕೈ ಅಲ್ಲೇ ಇರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್‌ಗೂ ಅರ್ತ್‌ಗೂ ಮಧ್ಯೆ, ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ ವೋಲ್ಟೇಜ್ ನೋಡಿಸಿ. ಇದು ಆಗದೇ ಇರೋ ಮನೆಯಲ್ಲಿ ಕಿಟ್ ಬಾಕ್ಸ್ ಬಿಚ್ಚಲೇ ಬೇಡಿ ಅಂತೀನಿ ನಾನು.

ಈಗ ಕಿಟ್ ಬಗ್ಗೆ. ಒಳ್ಳೇದು ಮೊದ್ಲು: ಟ್ರಾನ್ಸ್‌ಫಾರ್ಮರ್ ಎರಡೂ ಗಟ್ಟಿ ಇವೆ, ಚಾಸಿ ತೂತುಗಳು ನೀಟಾಗಿ ಕೂತ್ಕೊಳ್ತವೆ, ಐಲೆಟ್ ಬೋರ್ಡ್ (ಬಿಡಿಭಾಗ ಸೋಲ್ಡರ್ ಮಾಡೋ ಹಲಗೆ) ಮೇಲೆ ಜಾಗ ಧಾರಾಳ. ಟ್ಯೂಬ್‌ಗಳು ಸ್ಲೊವಾಕಿಯಾದ ಜೆಜೆ ಕಂಪನಿದು, ಒಡೆಯದೆ ಬಂದ್ವು. ಕೆಟ್ಟದ್ದು ಅಂದ್ರೆ ಮಾನ್ಯುಯಲ್. ಜೆರಾಕ್ಸ್‌ನ ಜೆರಾಕ್ಸ್ ತರ ಇರೋ ಲೇಔಟ್ ಚಿತ್ರ, ಅದೂ ಅಮೆರಿಕದ 120 ವೋಲ್ಟ್‌ಗೆ ಬರೆದಿದ್ದು. ನಾನು 230 ವೋಲ್ಟ್ ಪ್ರೈಮರಿ (ಕರೆಂಟು ಒಳಗೆ ಬರೋ ಕಡೆ) ಇರೋ ಟ್ರಾನ್ಸ್‌ಫಾರ್ಮರ್ ಕೇಳಿದ್ದೆ, ಅದನ್ನೇ ಕಳ್ಸಿದ್ರು, ಆದ್ರೆ ಯಾವ ಬಣ್ಣದ ವೈರ್ ಎಲ್ಲಿಗೆ ಅನ್ನೋ ಶೀಟ್ ಇಲ್ಲ, ಮೇಲ್ ಮಾಡಿ ತರಿಸ್ಕೋಬೇಕಾಯ್ತು. ಇನ್ನೊಂದು, ಪೊಟ್ಟಣದಲ್ಲಿದ್ದ ಫ್ಯೂಸ್ 2 ಆಂಪಿಯರ್. ಅದು 120 ವೋಲ್ಟ್ ಊರಿಗೆ ಸರಿ. ವೋಲ್ಟೇಜ್ ಡಬಲ್ ಆದ್ರೆ ಕರೆಂಟ್ ಅರ್ಧ ಆಗುತ್ತಲ್ವಾ, ನಮ್ಮಲ್ಲಿ 1 ಆಂಪಿಯರ್ ಸ್ಲೋ ಬ್ಲೋ (ಸ್ವಲ್ಪ ತಡವಾಗಿ ಹೋಗೋ ಫ್ಯೂಸ್) ಹಾಕ್ಬೇಕು. ಗೊತ್ತಿಲ್ದೋರು ಅದನ್ನೇ ಹಾಕ್ಕೊಂಡು ಕೂತಿರ್ತಾರೆ, ಫ್ಯೂಸ್ ಹೋಗೋ ಮುಂಚೆ ಟ್ರಾನ್ಸ್‌ಫಾರ್ಮರ್ ಹೋಗುತ್ತೆ. ಇಷ್ಟು ದುಡ್ಡು ತಗೊಳ್ಳೋ ಕಂಪನಿ ಇಂಡಿಯಾ ಅಡ್ರೆಸ್ ನೋಡಿದ ಮೇಲೆ ಒಂದು ಫ್ಯೂಸ್ ಬದಲಾಯಿಸಿ ಕಳ್ಸೋಕಾಗಲ್ವಾ ಅಂತ ಕೋಪ ಬಂತು. ಕೊರಿಯರ್‌ನವರು ಕೆವೈಸಿ ಕೊಡಿ, ಡ್ಯೂಟಿ ಕಟ್ಟಿ ಅಂತ ಫೋನ್ ಮಾಡಿದ್ದು ಬೇರೆ ಕಥೆ, ಅದು ಹೊರಗಿಂದ ಏನು ತರಿಸಿದ್ರೂ ಇರೋದೇ.

ಉಳಿದ ಸಾಮಾನು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಕ್ತು. 60/40 ಸೋಲ್ಡರ್, 60 ವ್ಯಾಟ್ ಐರನ್ (ಪೆಡಲ್‌ಗೆ ಇಟ್ಕೊಂಡಿದ್ದ 25 ವ್ಯಾಟ್ ಐರನ್ನಿಗೆ ವಾಲ್ಯೂಮ್ ಪಾಟ್ ಹಿಂದುಗಡೆ, ಚಾಸಿ ಮೇಲೆ ಎಲ್ಲಾ ಬಿಸಿ ಹಿಡಿಯಲ್ಲ, ಸೋಲ್ಡರ್ ಗುಂಡಗೆ ಕೂತು ಡ್ರೈ ಜಾಯಿಂಟ್ ಆಗುತ್ತೆ), 1000 ವೋಲ್ಟ್ ತಡೆಯೋ ಒಳ್ಳೇ ಮೀಟರ್, ಅದರ ಪ್ರೋಬ್‌ಗೆ ಹಾಕೋ ಕ್ಲಿಪ್. ಎಕ್ಸ್‌ಟ್ರಾ ಇರ್ಲಿ ಅಂತ ವಾಲ್ವ್ ಸಾಕೆಟ್ ಕೇಳಿದ್ರೆ ಹುಡುಗರು ಕಂಟ್ರೋಲ್ ಪ್ಯಾನೆಲ್‌ಗೆ ಹಾಕೋ 8 ಪಿನ್ ರಿಲೇ ಬೇಸ್ ತಂದು ತೋರಿಸ್ತಾರೆ, ಪಿನ್ ಲೆಕ್ಕ ಅದೇ ಆದ್ರೂ ಇಲ್ಲಿಗೆ ಆಗಲ್ಲ. ಒಂದು ಹಳೇ ಅಂಗಡಿಯಲ್ಲಿ ಮಾತ್ರ ವಯಸ್ಸಾದವರೊಬ್ರು "ವಾಲ್ವಾ? ಯಾವ ರೇಡಿಯೋ?" ಅಂತ ಕೇಳಿದ್ರು. ನಮ್ಮ ಬೆಂಗಳೂರಿನ ಬಿಇಎಲ್‌ನವರೇ ಒಂದು ಕಾಲದಲ್ಲಿ ರೇಡಿಯೋ ವಾಲ್ವ್ ಮಾಡಿ ದೇಶಕ್ಕೆಲ್ಲಾ ಕಳಿಸ್ತಿದ್ರು, ಈಗ ಅದೇ ಊರಲ್ಲಿ ಕೂತು ಸ್ಲೊವಾಕಿಯಾದಿಂದ ತರಿಸ್ಕೋಬೇಕು. ಹೊಸ ಟ್ಯೂಬ್ ಮಾಡೋ ದೊಡ್ಡ ಫ್ಯಾಕ್ಟರಿ ಇವತ್ತು ಸ್ಲೊವಾಕಿಯಾ, ರಷ್ಯಾ, ಚೀನಾ ಬಿಟ್ರೆ ಇಲ್ಲ ಅಂದ್ರೂ ನಡೆಯುತ್ತೆ. 2022ರಲ್ಲಿ ರಷ್ಯಾದಿಂದ ಟ್ಯೂಬ್ ಬರೋದು ನಿಂತೋಗುತ್ತೆ ಅಂತ ಸುದ್ದಿ ಆದಾಗ ರೇಟು ಹೆಂಗೆ ಏರ್ತು ಅಂತ ಟ್ಯೂಬ್ ಆಂಪ್ ಇರೋರಿಗೆಲ್ಲಾ ಗೊತ್ತು. ಅದಕ್ಕೇ ಆರ್ಡರ್ ಮಾಡೋವಾಗಲೇ ಸ್ಪೇರ್ 6ವಿ6 ಒಂದು, 12ಎಎಕ್ಸ್7 ಒಂದು ಸೇರಿಸ್ಬಿಡಿ.

ಸೋಲ್ಡರಿಂಗ್ ಕೆಲಸ ಕೆಲವು ವಾರಾಂತ್ಯದಲ್ಲಿ ಮುಗೀತು, ಅದರ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ. ಹೀಟರ್ ವೈರ್ (ಟ್ಯೂಬ್ ಬಿಸಿ ಮಾಡೋದು) ಎರಡನ್ನೂ ಜಡೆ ಹೆಣೆದ ಹಾಗೆ ಬಿಗಿಯಾಗಿ ತಿರುಚಿ ಚಾಸಿ ಮೂಲೆಗೆ ಒತ್ತಿ ಓಡಿಸಿ, ಇನ್‌ಪುಟ್ ವೈರಿಂದ ದೂರ ಇಡಿ, ಅಷ್ಟು ಮಾಡಿದ್ರೆ ಹಮ್ಮಿಂಗ್ ಅರ್ಧ ಕಮ್ಮಿ. ಅಸಲಿ ಕಟ್ಟೋ ಕೆಲಸ ಇರೋದು ಸೋಲ್ಡರ್ ಮುಗಿದ ಮೇಲೆ. ಕಿಟ್ ಕಟ್ಲಾ ಬೇಡ್ವಾ ಅಂತ ಕೇಳೋರು "ನಂಗೆ ಸೋಲ್ಡರಿಂಗ್ ಚೆನ್ನಾಗಿ ಬರುತ್ತೆ" ಅಂತಾರೆ, ನಾನು ಕೇಳೋದು ಮೀಟರ್ ಇಟ್ಕೊಂಡು ಸುಮ್ನೆ ಕೂತು ಒಂದೊಂದು ಪಾಯಿಂಟ್ ಅಳೆದು ಪೇಪರ್ ಮೇಲೆ ಬರ್ಕೊಳ್ಳೋ ತಾಳ್ಮೆ ಇದ್ಯಾ ಅಂತ. ಅದಿಲ್ಲ ಅಂದ್ರೆ ಈ ಕಿಟ್ ನಿಮಗಲ್ಲ, ಎಷ್ಟು ಚಂದ ಸೋಲ್ಡರ್ ಮಾಡಿದ್ರೂ.

ನನ್ನದು ಹೆಂಗಾಯ್ತು ಹೇಳ್ತೀನಿ. ಮಾವ ಹೇಳಿದ ಹಾಗೆ ಸೀರೀಸ್ ಬೋರ್ಡ್ ಮಾಡ್ಕೊಂಡೆ, ಅಂದ್ರೆ ಫೇಸ್ ವೈರಿನ ಮಧ್ಯೆ ಸೀರೀಸಲ್ಲಿ ಒಂದು 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು. ಎಲ್‌ಇಡಿ ಬಲ್ಬ್ ಕೆಲಸಕ್ಕೆ ಬರಲ್ಲ, ಹಳೇ ಟೈಪೇ ಬೇಕು. ಆಂಪ್ ಒಳಗೆ ಎಲ್ಲಾದ್ರೂ ಶಾರ್ಟ್ ಇದ್ರೆ ಬಲ್ಬು ಪೂರ್ತಿ ಉರಿಯುತ್ತೆ, ಆಂಪ್ ಉಳಿಯುತ್ತೆ. ಎಲ್ಲಾ ಸರಿ ಇದ್ರೆ ಒಂದ್ಸಲ ಮಿನುಗಿ ಮಂಕಾಗುತ್ತೆ. ಮೊದ್ಲು ಟ್ಯೂಬ್ ಹಾಕದೆ ಆನ್ ಮಾಡಿ ಹೀಟರ್ ವೋಲ್ಟೇಜ್ ನೋಡಿದೆ, 6.3 ಇರ್ಬೇಕಾದ್ದು ಲೋಡ್ ಇಲ್ಲದೆ ಸ್ವಲ್ಪ ಜಾಸ್ತಿ ತೋರಿಸುತ್ತೆ, ಗಾಬರಿ ಬೇಡ. ಆಮೇಲೆ ಮೂರೂ ಟ್ಯೂಬ್, ಸ್ಪೀಕರ್ ಹಾಕಿ ಆನ್ ಮಾಡಿದೆ. ಇಲ್ಲಿ ಒಂದು ಮಾತು: 5ವೈ3 ಒಂದನ್ನೇ ಹಾಕಿ "ಡಿಸಿ ಬರ್ತಾ ಇದ್ಯಾ ನೋಡೋಣ" ಅಂತ ಆನ್ ಮಾಡ್ಬೇಡಿ. ಟ್ರಾನ್ಸ್‌ಫಾರ್ಮರಿನ 325 ವೋಲ್ಟ್ ವೈಂಡಿಂಗಿನ ಪೀಕ್ 460ರ ಹತ್ರ, ಎಳೆಯೋಕೆ 6ವಿ6 ಇಲ್ಲ ಅಂದ್ರೆ ಕೆಪಾಸಿಟರ್ ಮೇಲೆ ಅಷ್ಟೂ ಕೂರುತ್ತೆ, ಕಿಟ್‌ನಲ್ಲಿ ಕೊಡೋ ಕೆಪಾಸಿಟರ್ ಮೇಲೆ ಬರೆದಿರೋದು 450! ಟ್ಯೂಬ್ ಎಲ್ಲಾ ಇದ್ರೂನೂ 5ವೈ3 ಬೇಗ ಬಿಸಿಯಾಗುತ್ತೆ, 6ವಿ6 ನಿಧಾನಕ್ಕೆ, ಆ ಮಧ್ಯದ ಕೆಲವು ಸೆಕೆಂಡು ಪ್ರತಿಸಲ ಹಿಂಗೇ ಏರುತ್ತೆ. 500 ವೋಲ್ಟಿನ ಕೆಪಾಸಿಟರ್ ಹಾಕ್ಕೊಂಡ್ರೆ ನಿದ್ದೆ ಚೆನ್ನಾಗಿ ಬರುತ್ತೆ. ಮತ್ತೆ ಸ್ಪೀಕರ್ ಇಲ್ಲದೆ ಯಾವತ್ತೂ ಆನ್ ಮಾಡಿ ನುಡಿಸ್ಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೋಗುತ್ತೆ.

ಬಲ್ಬು ಮಂಕಾಯ್ತು, ಖುಷಿ ಆಯ್ತು, ವಾಲ್ಯೂಮ್ ಸ್ವಲ್ಪ ತಿರುಗಿಸಿದ ತಕ್ಷಣ ಕುಯ್ಯ್ ಅಂತ ಕಿವಿ ಹರಿದೋಗೋ ಶಬ್ದ. ಬೀದಿನಾಯಿಗಳೂ ಬೊಗಳೋಕೆ ಶುರು ಮಾಡಿದ್ವು. ಇದು ಚಾಂಪ್ ಕಟ್ಟೋರಲ್ಲಿ ಸುಮಾರು ಜನಕ್ಕೆ ಆಗುತ್ತೆ. ಈ ಸರ್ಕ್ಯೂಟಲ್ಲಿ ಸ್ಪೀಕರ್ ಕಡೆಯಿಂದ ಒಂದು 22ಕೆ ರೆಸಿಸ್ಟರ್ ಮೂಲಕ ಸ್ವಲ್ಪ ಸಿಗ್ನಲ್ ಎರಡನೇ ಟ್ರಯೋಡ್‌ನ ಕ್ಯಾಥೋಡ್‌ಗೆ (ನೆಗೆಟಿವ್ ತುದಿಗೆ) ವಾಪಸ್ ಹೋಗುತ್ತೆ, ಅದು ಮೂಲ ಸಿಗ್ನಲ್‌ನ ಕಳೆಯೋ ಹಾಗೆ ಹೋದ್ರೆ ಸೌಂಡ್ ಕ್ಲೀನ್ ಮಾಡುತ್ತೆ, ಕೂಡೋ ಹಾಗೆ ಹೋದ್ರೆ ಕೂಗುತ್ತೆ. ಟ್ರಾನ್ಸ್‌ಫಾರ್ಮರ್ ವೈರಿನ ಬಣ್ಣ ನಂಬ್ಕೊಂಡು ಹಾಕಿದ್ರೂ ಅರ್ಧಕ್ಕರ್ಧ ಚಾನ್ಸ್. ಆಫ್ ಮಾಡಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಸೊನ್ನೆ ಬಂದಿದ್ದು ನೋಡಿ, ಸ್ಪೀಕರ್ ಕಡೆಯ ಎರಡು ವೈರ್ ಅದಲು ಬದಲು ಮಾಡಿದೆ. ಮತ್ತೆ ಆನ್ ಮಾಡಿದ್ರೆ ಶಾಂತ. ಇದರ ಬಗ್ಗೆ ಮಾನ್ಯುಯಲ್‌ನಲ್ಲಿ ಒಂದು ಸಾಲೂ ಇರ್ಲಿಲ್ಲ.

ಆಮೇಲೆ ಅಳತೆ. ಬಲ್ಬ್ ತೆಗೆದು ನೇರ ಕರೆಂಟಿಗೆ ಹಾಕಿದಾಗ 6ವಿ6 ಪ್ಲೇಟಲ್ಲಿ 355 ವೋಲ್ಟ್, ಕ್ಯಾಥೋಡ್ ರೆಸಿಸ್ಟರ್ 470 ಓಂ ಮೇಲೆ 22 ವೋಲ್ಟ್. 22ನ 470ರಿಂದ ಭಾಗಿಸಿದ್ರೆ 47 ಮಿಲಿಆಂಪ್ ಹತ್ರ, ಅದರಲ್ಲಿ ಸ್ಕ್ರೀನ್‌ಗೆ (ಟ್ಯೂಬಿನ ಇನ್ನೊಂದು ತುದಿ) ಹೋಗೋ ಒಂದೆರಡು ಮಿಲಿಆಂಪ್ ಕಳೆದು ಪ್ಲೇಟ್ ಕ್ಯಾಥೋಡ್ ಮಧ್ಯದ 333 ವೋಲ್ಟಿಂದ ಗುಣಿಸಿದ್ರೆ ಹದಿನಾಲ್ಕೂವರೆ ವ್ಯಾಟ್ ದಾಟುತ್ತೆ. 6ವಿ6 ಡೇಟಾ ಶೀಟ್ ಹೇಳೋದು 12, ತೀರಾ ಅಂದ್ರೆ 14. ಅಂದ್ರೆ ಟ್ಯೂಬ್ ಸುಮ್ನೆ ಕೂತಾಗಲೇ ಲಿಮಿಟ್ ಮೇಲಿದೆ. ಕಾರಣ ಎರಡು. ಈಗ ತಯಾರಾಗೋ ಕೆಲವು 5ವೈ3 ಹಳೇದರಷ್ಟು ವೋಲ್ಟೇಜ್ ಇಳಿಸಲ್ಲ. ಮತ್ತೆ ನಮ್ಮ ಏರಿಯಾದಲ್ಲಿ ರಾತ್ರಿ ಹತ್ತರ ಮೇಲೆ ಲೈನ್ ವೋಲ್ಟೇಜೇ 245ರವರೆಗೆ ಹೋಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ 240 ವೋಲ್ಟಿನ ಟ್ಯಾಪ್ (ಬೇರೆ ವೈರ್) ಇದ್ರೆ ಅದಕ್ಕೆ ಹಾಕಿ, ನನ್ನದಕ್ಕೆ ಇರ್ಲಿಲ್ಲ, ಹಾಗಾಗಿ 470 ತೆಗೆದು 560 ಓಂ 5 ವ್ಯಾಟಿನ ರೆಸಿಸ್ಟರ್ ಹಾಕಿದೆ, 13 ವ್ಯಾಟಿಗೆ ಇಳೀತು. ಅದರ ಜೊತೆಗಿದ್ದ 25 ವೋಲ್ಟಿನ ಕೆಪಾಸಿಟರ್ ಕೂಡ ತೆಗೆದು 50 ವೋಲ್ಟಿಂದು ಹಾಕಿದೆ, ಅಂಚಲ್ಲಿ ಇಟ್ಟು ಯಾಕೆ ರಿಸ್ಕು. ಸೌಂಡಲ್ಲಿ ವ್ಯತ್ಯಾಸ ಏನೂ ಕೇಳಿಸ್ಲಿಲ್ಲ ನಂಗೆ. ಈ ಲೆಕ್ಕ ಓದಿ ತಲೆನೋವು ಬಂದವರು ರೆಡಿಮೇಡ್ ತಗೊಳ್ಳಿ, ಬೇಜಾರಿಲ್ಲದೆ ಹೇಳ್ತೀನಿ. ಓದ್ತಾ ಓದ್ತಾ "ಅರೆ, ಸ್ಕ್ರೀನ್‌ಗೆ ಎಷ್ಟು ಹೋಗುತ್ತೆ ಅಂತ ಹೆಂಗೆ ಗೊತ್ತಾಗುತ್ತೆ" ಅಂತ ಪ್ರಶ್ನೆ ಬಂದಿದ್ರೆ ನೀವು ಆಗ್ಲೇ ಸಿಕ್ಕಾಕೊಂಡಿದೀರ.

ಹಮ್ಮಿಂಗ್ ಸ್ವಲ್ಪ ಇದೆ, ಚಾಂಪ್ ಅಂದ್ಮೇಲೆ ಇರುತ್ತೆ. ಪವರ್ ಟ್ಯೂಬ್ ಒಂದೇ ಇರೋದ್ರಿಂದ ಎರಡು ಟ್ಯೂಬಿನ ಪುಶ್-ಪುಲ್ ಆಂಪ್‌ನಲ್ಲಿ ರಿಪಲ್ (ಡಿಸಿಯಲ್ಲಿ ಉಳಿಯೋ ಏರಿಳಿತ) ಒಂದಕ್ಕೊಂದು ಕಳೆದು ಹೋಗೋ ಹಾಗೆ ಇಲ್ಲಿ ಹೋಗಲ್ಲ. ದಪ್ಪ ದನಿಯಲ್ಲಿ ಹೂಂ ಅಂದ್ರೆ 50 ಹರ್ಟ್ಸ್, ಹೀಟರ್ ವೈರೋ ಗ್ರೌಂಡೋ ನೋಡಿ. ಸ್ವಲ್ಪ ಕೀರಲಾಗಿ ಬಂದ್ರೆ 100 ಹರ್ಟ್ಸ್, ಫಿಲ್ಟರ್ ಕೆಪಾಸಿಟರ್ ಕಡೆ ಹೋಗಿ. ಎರಡನೇ ಕೆಪಾಸಿಟರ್ ದೊಡ್ಡದು ಮಾಡ್ಬಹುದು, ಮೊದಲನೇದನ್ನ ಮಾತ್ರ 20 ಮೈಕ್ರೋಫ್ಯಾರಡ್ ಆಸುಪಾಸಲ್ಲೇ ಬಿಡಿ, 5ವೈ3 ಅದಕ್ಕಿಂತ ಜಾಸ್ತಿ ತಡ್ಕೊಳ್ಳಲ್ಲ.

ಸೌಂಡ್ ಹೆಂಗಿದೆ? ಟೆಲಿಕಾಸ್ಟರ್ ಗಿಟಾರ್ ಹಾಕಿ ವಾಲ್ಯೂಮ್ 4ರವರೆಗೆ ಇಟ್ರೆ (ಟ್ವೀಡ್ ನಾಬ್ 12ರವರೆಗೆ ಹೋಗುತ್ತೆ) ಗಂಟೆ ಹೊಡೆದಂಗೆ ಕ್ಲೀನ್. 6 ದಾಟಿದ್ರೆ ಪಿಕ್ ಗಟ್ಟಿಯಾಗಿ ಹೊಡೆದಾಗ ಮಾತ್ರ ಒಡೆಯುತ್ತೆ, ಮೆಲ್ಲಗೆ ನುಡಿಸಿದ್ರೆ ಮತ್ತೆ ಕ್ಲೀನ್, ಗಿಟಾರ್ ವಾಲ್ಯೂಮ್ ನಾಬಲ್ಲೇ ಎಲ್ಲಾ ಕಂಟ್ರೋಲ್ ಸಿಗುತ್ತೆ. ಇದೇ ಆಟಕ್ಕೆ ನಾನು ದುಡ್ಡು ಹಾಕಿದ್ದು, ಇದು ಸಿಕ್ತು. ಫುಲ್ ಇಟ್ರೆ ಬ್ಯಾಸ್ ಸಡಿಲ ಆಗಿ ಕಲಸಿ ಹೋಗುತ್ತೆ, ಹಂಬಕರ್ (ಎರಡು ಕಾಯಿಲಿನ ಪಿಕಪ್) ಗಿಟಾರಲ್ಲಿ ಇನ್ನೂ ಜಾಸ್ತಿ. ಮೆಟಲ್ ನುಡಿಸೋರು ಈ ಕಡೆ ತಲೆ ಹಾಕ್ಬೇಡಿ. 8 ಇಂಚಿನ ಸ್ಪೀಕರಲ್ಲಿ ಡಬ್ಬಿಯೊಳಗಿಂದ ಬಂದಂಗೆ ಕೇಳುತ್ತೆ, ಅದನ್ನೇ ಫ್ರೆಂಡ್ ಮನೆಯ 12 ಇಂಚಿನ ಸ್ಪೀಕರ್ ಕ್ಯಾಬಿಗೆ ಹಾಕಿದಾಗ ಇದು ಅದೇ ಆಂಪಾ ಅಂತ ಅನುಮಾನ ಬಂತು, ಅಷ್ಟು ದೊಡ್ಡದಾಗಿ ಬರುತ್ತೆ.

5 ವ್ಯಾಟ್ ಅಂದ್ರೆ ಮನೆಗೆ ಸಾಕು ಮೆತ್ತಗಿರುತ್ತೆ ಅಂತ ಅನ್ಕೊಳ್ಳೋರಿಗೆ: 50 ವ್ಯಾಟಿಗೂ 5 ವ್ಯಾಟಿಗೂ ಇರೋದು 10 ಡೆಸಿಬೆಲ್ ವ್ಯತ್ಯಾಸ, ಕಿವಿಗೆ ಹೆಚ್ಚುಕಮ್ಮಿ ಅರ್ಧ ಅನ್ಸುತ್ತೆ ಅಷ್ಟೇ, ಹತ್ತನೇ ಒಂದು ಭಾಗ ಅಲ್ಲ. ಆ ಒಡೆಯೋ ಸೌಂಡು ಬೇಕು ಅಂದ್ರೆ ಜೋರಾಗಿ ಇಡಲೇಬೇಕು, ಜೋರಾಗಿ ಇಟ್ರೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ಫ್ಲಾಟ್ ನಂಬರ್ ಬರುತ್ತೆ. ನಂದು ಬಂದಿದೆ. ಸ್ವಂತ ಮನೆ, ದೂರದ ಪಕ್ಕದ ಮನೆ ಇರೋರು ಪುಣ್ಯವಂತರು.

ಕಿಟ್‌ಗೆ 5ಕ್ಕೆ 3 ಕೊಡ್ತೀನಿ, ಕಳೆದ 2 ಪೂರ್ತಿ ಮಾನ್ಯುಯಲ್‌ಗೆ ಮತ್ತೆ ಆ ಫ್ಯೂಸ್‌ಗೆ. ಸರ್ಕ್ಯೂಟ್‌ಗೆ ಮಾರ್ಕ್ಸ್ ಕೊಡೋಕೆ ನಾನ್ಯಾರು. "ಡಿಲಕ್ಸ್ 5ಇ3 ನೇರ ಕಟ್ಬಹುದಾ, ವಾಲ್ಯೂಮ್ ಜಾಸ್ತಿ ಸಿಗುತ್ತಲ್ಲ" ಅಂತ ಕೇಳೋರಿಗೆ, ಕಟ್ಬಹುದು, ಆದ್ರೆ ಅಲ್ಲಿ 6ವಿ6 ಎರಡು, ಅವೆರಡಕ್ಕೂ ಸಿಗ್ನಲ್ ಉಲ್ಟಾ ಮಾಡಿ ಹಂಚೋ ಫೇಸ್ ಇನ್ವರ್ಟರ್ ಬೇರೆ, ಕೂಗೋಕೆ ಶುರು ಮಾಡಿದ್ರೆ ಹುಡುಕೋ ಜಾಗ ಎರಡರಷ್ಟು. ವಾಲ್ವ್ ರೇಡಿಯೋ ಗೊತ್ತಿರೋ ಒಬ್ರು ಪಕ್ಕದಲ್ಲಿದ್ರೆ ಮಾತ್ರ ಮುಂದೆ ಹೋಗಿ.

ಇಷ್ಟೆಲ್ಲಾ ಓದಿದ ಮೇಲೂ ಆರ್ಡರ್ ಹಾಕೋರು, ಯಾವ ಕಂಪನಿ ಆದ್ರೂ ಸರಿ, ಮೊದ್ಲು ಒಂದು ಮೇಲ್ ಮಾಡಿ: ಪ್ರೈಮರಿಗೆ 230 ಜೊತೆ 240ರ ಟ್ಯಾಪ್ ಇದ್ಯಾ, 50 ಹರ್ಟ್ಸ್‌ಗೆ ಮಾಡಿದ್ದಾ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಲ್ಲಿ 4 ಓಂ ಜೊತೆ 8 ಓಂ ಕೂಡ ಸಿಗುತ್ತಾ (ಇಲ್ಲಿ ಸಿಗೋ 12 ಇಂಚಿನ ಕ್ಯಾಬ್ ಜಾಸ್ತಿ 8 ಓಂದೇ), ವೈರ್ ಬಣ್ಣದ ಶೀಟ್ ಡಬ್ಬಿಯೊಳಗೆ ಇರುತ್ತಾ. ನಾಲ್ಕಕ್ಕೂ ಸರಿಯಾಗಿ ಉತ್ತರ ಬರೋವರೆಗೂ ಕಾರ್ಡ್ ನಂಬರ್ ಹಾಕ್ಬೇಡಿ.